ಇಪ್ಪತ್ನಾಲ್ಕು ಮನೆ

"ನೀನು ಆಗ್ಲೇ ಮದುವೆ ಆಗಿದ್ದೀಯಂತೆ ಕಣೆ, ನಮ್ಮನೆಯವ್ರ ಜೊತೆ. ಎರಡು ವರ್ಷ ಆಯ್ತಂತೆ. ಈಗ ಆರು ತಿಂಗಳ ಬಸುರಿಯಂತೆ."

ಬಾಗಿಲ ಸ್ಪೀಕರ್‌ನಿಂದ ಅಕ್ಕ ಮಂದಾರಳ ದನಿ ಬಂತು. ಅಕ್ಕ ಮನೆ ಒಳಗೆ, ಇಂಪನ ಮನೆ ಹೊರಗೆ. ಇಂಪನಳ ಒಂದು ಕೈಲಿ ಖಾಲಿ ಟಿಫಿನ್ ಡಬ್ಬಿ, ಇನ್ನೊಂದು ಕೈಲಿ ಭಾನುವಾರ ಹಚ್ಚಿದ್ದ ಮೆಹೆಂದಿ. ಅವಳು ಡಬ್ಬೀನ ಬಾಗಿಲಿಗೆ ಒಂದು ಸಲ ಕುಟ್ಟಿ, ಇದನ್ನ ಯಾರು ಹೇಳಿದ್ದು ಅಂತ ಕೇಳಿದ್ಲು. ಮದುವೆ ದಾಖಲೆ ಆಫೀಸಿನವರಂತೆ. ಇಂಪನಳ ಅರ್ಜಿ ತಿರಸ್ಕಾರ ಆಗಿದೆ, ಕಾರಣ ಅರ್ಜಿದಾರರಿಗೆ ಈಗಾಗ್ಲೇ ಗಂಡ ಇದ್ದಾನೆ, ಹೆಸರು ಮಾದೇಶ. ಮೆಸೇಜು ಬಂದಿದ್ದು ಮಾತ್ರ ಅಕ್ಕನ ಫೋನಿಗೆ.

"ಭಾವ ಏನಂದ್ರು?"

"ಏನಂತಾರೆ, ನಕ್ಕು ನಕ್ಕು ಕಾಫಿ ನೆತ್ತಿಗೇರಿಸ್ಕೊಂಡ್ರು. ಈಗ ಮೂಗು ಒರೆಸ್ಕೊಳ್ತಿದ್ದಾರೆ."

ಇಂಪನ ಮತ್ತೆ ಬಾಗಿಲಿಗೆ ಮುಖ ತೋರಿಸಿದ್ಲು. ಬಾಗಿಲು ತುಂಬಾ ಮರ್ಯಾದೆಯಿಂದ, "ಚಿಕ್ಕನಾಯಕನಹಳ್ಳಿ ಪುಟ್ಟಸ್ವಾಮಿಗೌಡ ಲಕ್ಷ್ಮೀನರಸೇಗೌಡ ಅವರೇ, ನೀವು ಈಗಾಗಲೇ ಒಳಗಿದ್ದೀರಿ" ಅಂತ ಹೇಳಿ ಸುಮ್ಮನಾಯ್ತು. ಸೋಮವಾರದಿಂದ ಇದೇ ಗೋಳು. ಅಕ್ಕ ಹೊರಗೆ ಬರ್ಬೇಕು, ಆಮೇಲೆ ತಂಗಿ ಒಳಗೆ ಹೋಗ್ಬೇಕು. ಹೊಸಿಲ ಹತ್ರ ಇಬ್ರೂ ಕಬಡ್ಡಿ ಆಡೋರ ಥರ ಜಾಗ ಬದಲಾಯಿಸ್ತಿದ್ರು.

ಊರ ಹೆಸರು ತಿಂಗಳೂರು. ಚಂದ್ರನ ನೆಲದ ಅಡಿ ಕೊರೆದು ಕಟ್ಟಿರೋ ಊರು. ಜನ ಎರಡೂವರೆ ಸಾವಿರ, ಗಾಳಿ ಸೋರದ ಬಾಗಿಲು ಆರುನೂರು. ಇಲ್ಲಿ ಬೀಗ, ಕೀಲಿ, ರೇಷನ್ ಕಾರ್ಡು, ಡಾಕ್ಟರ್ ಚೀಟಿ ಎಲ್ಲಾ ಬಾಗಿಲೇ. ಮುಖ ನೋಡುತ್ತೆ, ಪಟ್ಟಿಯಲ್ಲಿ ಹೆಸರು ಹುಡುಕುತ್ತೆ, ಒಳಗೆ ಬಿಡುತ್ತೆ. ಉಸಿರಾಡೋ ಗಾಳಿನೂ ತಲೆ ಎಣಿಸಿ ಬಿಡೋ ಊರಲ್ಲಿ ಒಂದೇ ತಲೆ ಎರಡು ಸಲ ಒಳಗೆ ಬಂದ್ರೆ ಬಾಗಿಲಿಗೆ ಆಗಿಬರಲ್ಲ.

ಹೋದ ವಾರದವರೆಗೂ ಅವಳು ಚಿ.ಪು.ಲ. ಇಂಪನ, ಅಕ್ಕ ಚಿ.ಪು.ಲ. ಮಂದಾರ. ಎಲ್ಲಾ ಸರಿಯಾಗಿತ್ತು. ಆಮೇಲೆ ಆಡಳಿತದವರು ಒಂದು ಆದೇಶ ಹೊರಡಿಸಿದ್ರು, ಇನಿಶಿಯಲ್ ಗೊಂದಲ ಸಾಕು, ಸೋಮವಾರದಿಂದ ಎಲ್ಲರೂ ಬಿಡಿಸಿ ಬರೀರಿ ಅಂತ. ಬಾಗಲಕೋಟೆ ಕಡೆ ವಂಶದವರು ಮೊದಲು ತಮ್ಮ ಹೆಸರು, ಆಮೇಲೆ ಅಪ್ಪನ ಹೆಸರು, ಆಮೇಲೆ ಅಡ್ಡಹೆಸರು ಬರೆದ್ರು. ಹಳೇ ಮೈಸೂರು ಕಡೆ ವಂಶದವರು ತಾತನ ಕಾಲದಿಂದ ನಡ್ಕೊಂಡು ಬಂದ ಹಾಗೆ ಮೊದಲು ಊರು, ಆಮೇಲೆ ತಾತ, ಆಮೇಲೆ ಅಪ್ಪ, ಕಟ್ಟಕಡೇಲಿ ತಾವು ಅಂತ ಬರೆದ್ರು. ಬಸ್ಸಿಗೆ ಕೊನೇಲಿ ಹತ್ತೋರು ಯಾವತ್ತೂ ಮನೆಯವರನ್ನೆಲ್ಲ ಹತ್ತಿಸಿದ ಯಜಮಾನ್ರೇ ಅಲ್ವಾ, ಹಾಗೆ.

ಆದರೆ ಬಾಗಿಲ ಪಟ್ಟಿಯಲ್ಲಿ ಹೆಸರಿಗೆ ಇರೋದು ಇಪ್ಪತ್ನಾಲ್ಕು ಮನೆ. ಮನೆಗೊಂದು ಅಕ್ಷರ. ಚಿಕ್ಕನಾಯಕನಹಳ್ಳಿಗೆ ಎಂಟು, ತಾತನಿಗೆ ಆರು, ಅಪ್ಪನಿಗೆ ಏಳು, ನಡುವೆ ಬಿಟ್ಟ ಜಾಗಕ್ಕೆ ಮೂರು. ಅಲ್ಲಿಗೆ ಮನೆ ಖಾಲಿ. ಇಂಪನಳ ಹೆಸರು ಶುರುವಾಗೋ ಜಾಗದಲ್ಲಿ ಪಟ್ಟಿ ಮುಗೀತು. ಹೊಳೆ, ಕೆರೆ, ತೆಂಗಿನಮರ ಒಂದನ್ನೂ ಕಣ್ಣಲ್ಲಿ ಕಾಣದ ಹುಡುಗಿ ಹತ್ರ ಊರು ಪೂರ್ತಿ ಉಳೀತು, ಅವಳೇ ಹೋಗಿಬಿಟ್ಲು. ದಾಖಲೆ ಆಫೀಸಿನ ಪಟ್ಟಿ ನೋಡೋ ಯಂತ್ರ, ಇದೇನು ಒಂದೇ ಹೆಸರು ಎರಡು ಸಲ ಬಂದಿದೆ, ಯಾರೋ ತಪ್ಪು ಮಾಡಿರ್ಬೇಕು ಅಂತ ಅಕ್ಕ ತಂಗೀರನ್ನ ಸೇರಿಸಿ ಒಬ್ಬಳೇ ಹೆಂಗಸು ಮಾಡ್ತು.

ಅದರ ಪುಣ್ಯದಿಂದ ನಾಲ್ಕು ದಿನದಿಂದ ಕ್ಯಾಂಟೀನು ಇಂಪನಳಿಗೆ ಕಾಫಿ ಕೊಡ್ತಿರ್ಲಿಲ್ಲ. ಬಸುರಿಯರಿಗೆ ಕಾಫಿ ಒಳ್ಳೇದಲ್ಲ ಅಂತ ನುಗ್ಗೆಸೊಪ್ಪಿನ ಸಾರು ಬಗ್ಗಿಸ್ತಿತ್ತು.

ಇಷ್ಟು ದಿನ ಅವಳಿಗೂ ಇದು ತಮಾಷೆನೇ ಆಗಿತ್ತು. ಈಗ ಇಲ್ಲ. ಭಾನುವಾರ ಹಾಲ್‌ನಲ್ಲಿ ಧಾರೆ ಆಗಿತ್ತು. ಚಂದ್ರನ ಮೇಲೆ ಧಾರೆ ಹಾಲು ಕೈಮೇಲಿಂದ ಹತ್ತಿ ಹಿಂಜಿದ ಹಾಗೆ ನಿಧಾನಕ್ಕೆ ಇಳಿಯುತ್ತೆ, ಫೋಟೋದವರಿಗೆ ಬಹಳ ಅನುಕೂಲ. ಹುಡುಗ ಬಸವಪ್ರಭು ಹೂಗಾರ, ತೋಟದ ವಿಭಾಗದಲ್ಲಿ ಜೋಳ ಬೆಳೆಯೋನು. ಅವನಿಗೆ ಚಂದ್ರನ ಆಚೆಬದಿ ಠಾಣೆಗೆ ಹದಿನಾಲ್ಕು ತಿಂಗಳ ಡ್ಯೂಟಿ ಬಿದ್ದಿತ್ತು. ಗಾಡಿ ಹೊರಡೋದು ನಾಳೆ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ. ದಾಖಲೆ ಆದ ಗಂಡ ಹೆಂಡತಿಗೆ ಮಾತ್ರ ಜೋಡಿ ಸೀಟು. ದಾಖಲೆ ಆಗದಿದ್ರೆ ಅವನೊಬ್ಬನೇ ಹೋಗ್ತಾನೆ, ಇವಳು ಹದಿನಾಲ್ಕು ತಿಂಗಳು ನುಗ್ಗೆಸೊಪ್ಪು ಕುಡೀತಾ ಇಲ್ಲೇ ಇರ್ಬೇಕು.

ಅವನಿಗೆ ಫೋನ್ ಮಾಡಿ ವಿಷಯ ಹೇಳಿದ್ಲು. ಅವನು ಕೇಳಿದ್ದು ಒಂದೇ.

"ಅಂದ್ರ ನಾನು ನಿಮ್ಮ ಭಾವಗ ಏನಾಗ್ಬೇಕು ಈಗ?"

ಅದು ಆಮೇಲೆ ಲೆಕ್ಕ ಹಾಕೋಣ ಅಂತ ಹೇಳಿ ಅವಳು ಡ್ಯೂಟಿಗೆ ಓಡಿದ್ಲು.

ಅವಳ ಡ್ಯೂಟಿನೂ ಬಾಗಿಲದ್ದೇ. ಬಾಗಿಲು ವಿಭಾಗದ ಕಂಟ್ರೋಲ್ ರೂಮಲ್ಲಿ ಇಬ್ಬರೇ ಕೆಲಸ ಮಾಡ್ತಿದ್ದಿದ್ದು. ಒಂದು ಇವಳು, ಇನ್ನೊಂದು ಸಲ್ಡಾನಾ ಸರ್. ಮೂವತ್ತು ವರ್ಷದ ಹಿಂದೆ ಆ ಆರುನೂರು ಬಾಗಿಲಿಗೆ ಪ್ರೋಗ್ರಾಂ ಬರೆದ ಮಹಾನುಭಾವರು ಅವರೇ. ಮಂಗಳೂರು ಕಡೆಯವರು. ಬಾಗಿಲ ಬಗ್ಗೆ ಯಾರಾದ್ರೂ ಕೆಟ್ಟ ಮಾತಾಡಿದ್ರೆ ಅವರ ಮುಖ ಒಣಮೀನಿನ ಥರ ಆಗ್ತಿತ್ತು. ಈ ನಾಲ್ಕು ದಿನದಲ್ಲಿ ಊರಿನ ಚಿಕ್ಕನಾಯಕನಹಳ್ಳಿ, ಚನ್ನರಾಯಪಟ್ಟಣ, ಹೊಳೆನರಸೀಪುರದವರೆಲ್ಲ ಬಂದು ಬೈದು ಹೋಗಿದ್ರಿಂದ ಮುಖ ಒಣಗಿಕೊಂಡೇ ಇತ್ತು.

ಇಂಪನ ಮೊದಲು ಕೇಳಿದ್ದು ಎಲ್ಲರೂ ಕೇಳೋ ಪ್ರಶ್ನೇನೇ. ಇಪ್ಪತ್ನಾಲ್ಕು ಮನೇನ ಅರವತ್ತು ಮಾಡಿದ್ರೆ ಏನು ಗಂಟು ಹೋಗುತ್ತೆ?

ಸಲ್ಡಾನಾ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡ್ರು.

"ಬಾಗಿಲಿಗೆ ಹೆಸರು ಓದ್ಲಿಕ್ಕೆ ಬರುದಿಲ್ಲ ಮಾರಾಯ್ತಿ. ಅದಕ್ಕೆ ಎಣಿಸ್ಲಿಕ್ಕೆ ಮಾತ್ರ ಬರುದು. ಇಪ್ಪತ್ನಾಲ್ಕು ಮನೆ ಎಣಿಸ್ತದೆ, ಇಪ್ಪತ್ತೈದನೆಯದ್ದು ನೋಡ್ತದೆ. ಅಲ್ಲಿ ಎಂತ ಉಂಟು ಹೇಳು?"

ಇಪ್ಪತ್ತೈದನೇ ಮನೇಲಿ ಇರೋದು, ಬಂದಿರೋದು ಮನುಷ್ಯನೋ ಸರಕೋ ಅನ್ನೋ ಗುರುತು. ಅದರ ಮುಂದೆ ರಕ್ತದ ಗುಂಪು, ಅದರ ಮುಂದೆ ಗಾಳಿಯ ಪಾಲು. ಹೆಸರು ಒಂದು ಮನೆ ಮುಂದೆ ಚಾಚಿಕೊಂಡ್ರೆ ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು ಬೀಳ್ತಾರೆ. ಹಿಂದೆ ಒಂದು ಸಲ ಪ್ರಯೋಗಕ್ಕೆ ಅಂತ ಹಿಗ್ಗಿಸಿದ್ರಂತೆ. ಊಟಕ್ಕೆ ಬಂದ ಮ್ಯಾನೇಜರನ್ನ ಕ್ಯಾಂಟೀನ್ ಬಾಗಿಲು ಐವತ್ತು ಮೂಟೆ ಸಿಮೆಂಟು ಅಂತ ತಿಳ್ಕೊಂಡು ಗೋಡೌನಿಗೆ ಸಾಗಿಸಿತ್ತು. ಪಾಪ, ಅವರನ್ನ ಬಿಡಿಸ್ಕೊಂಡು ಬರೋಕೆ ಮೂರು ಕಡೆ ಸಹಿ ಬೇಕಾಯ್ತು.

ಹಾಗಾದ್ರೆ ಬಾಗಿಲಿನ ಪ್ರೋಗ್ರಾಮೇ ಬದಲಾಯಿಸೋಣ ಅಂದ್ಲು. ಅದು ಬಾಗಿಲ ಹೊಟ್ಟೆಯೊಳಗೆ, ಗೋಡೆಗೆ ಸೇರಿಸಿ ಬೆಸುಗೆ ಹಾಕಿರೋ ಪೆಟ್ಟಿಗೇಲಿ ಇತ್ತು. ತೆಗೀಬೇಕಂದ್ರೆ ಗೋಡೆ ಒಡೀಬೇಕು. ಗೋಡೆ ಆಚೆ ಗಾಳಿ ಇಲ್ಲ. ಹೆಸರು ಪೂರ್ತಿ ಬರೆದ ಖುಷಿ ಪಡೋಕೆ ಯಾರೂ ಉಳಿಯಲ್ಲ.

ಇನ್ನೊಂದು ದಾರಿ ಇತ್ತು. ಅರ್ಜಿ ಹಾಕಿ ಹೆಸರನ್ನೇ ಹಿಂದುಮುಂದು ಮಾಡಿಸೋದು. ಅವಳು ದಾಖಲೆ ಆಫೀಸಿನ ಕಮರುನ್ನೀಸಾ ಮೇಡಂಗೆ ಫೋನ್ ಮಾಡಿದ್ಲು. ಹೆಸರು ತಿದ್ದುಪಡಿಗೆ ಮೂವತ್ತು ದಿನ, ಜೊತೆಗೆ ಅಪ್ಪನ ಒಪ್ಪಿಗೆ ಪತ್ರ ಅಂದ್ರು ಮೇಡಂ. ಆಮೇಲೆ ಪಾಪ, ದನಿ ಇಳಿಸಿ, ಬಸುರೀಲಿ ಇಷ್ಟೆಲ್ಲ ಓಡಾಡ್ಬೇಡಮ್ಮ ಅಂತಾನೂ ಹೇಳಿದ್ರು.

ಮಧ್ಯಾಹ್ನ ಮನೆಗೆ ಬಂದಾಗ ಊಟ ಓಣಿಗೇ ವರ್ಗ ಆಗಿತ್ತು. ಅಕ್ಕ ತಂಗಿ ಒಟ್ಟಿಗೆ ಒಳಗೆ ಕೂರೋ ಹಾಗಿಲ್ಲ ಅಂತ ಅಮ್ಮ ಬಾಗಿಲ ಮುಂದೇನೇ ಚಾಪೆ ಹಾಸಿದ್ರು. ಭಾವ ತಟ್ಟೆ ಹಿಡ್ಕೊಂಡು ಗೋಡೆಗೆ ಒರಗಿದ್ರು. ಓಡಾಡೋ ಅಕ್ಕಪಕ್ಕದವರು ಸಾರಿನ ಪಾತ್ರೆ ದಾಟ್ಕೊಂಡು, ಏನು ವಿಶೇಷ ಇವತ್ತು, ಅಂತ ಕೇಳ್ಕೊಂಡು ಹೋಗ್ತಿದ್ರು. ಭಾವ ಅವರಿಗೆಲ್ಲ, ನಂಗೆ ಇಬ್ಬರು ಹೆಂಡ್ತೀರು, ಮನೆ ಚಿಕ್ಕದು, ಅಂತ ವಿವರಿಸ್ತಿದ್ರು. ಅಕ್ಕ ಸೌಟು ಎತ್ತಿ ತೋರಿಸಿದ ಮೇಲೆ ನಿಲ್ಲಿಸಿದ್ರು.

ಇಂಪನ ಅಪ್ಪನ ಹತ್ರ ಮೆಲ್ಲಗೆ ಮಾತು ತೆಗೆದ್ಲು. ಊರ ಹೆಸರು ಕೊನೆಗೆ ಹಾಕೊಂಡ್ರೆ ಹೇಗೆ, ಅಥವಾ ಬಿಟ್ಟೇ ಬಿಟ್ರೆ?

ಲಕ್ಷ್ಮೀನರಸೇಗೌಡರು ಮುದ್ದೆ ಮುರಿಯೋ ಕೈ ನಿಲ್ಲಿಸಿದ್ರು. ಅವರು ಹುಟ್ಟಿದ್ದೂ ಇಲ್ಲೇ, ತಿಂಗಳೂರಲ್ಲೇ. ಚಿಕ್ಕನಾಯಕನಹಳ್ಳಿಯನ್ನ ಅವರೂ ನೋಡಿರ್ಲಿಲ್ಲ. ಅವರಪ್ಪ ಪುಟ್ಟಸ್ವಾಮಿಗೌಡ್ರು ನೋಡಿದ್ರು. ಅಲ್ಲಿಂದ ಹೊರಟು ಇಲ್ಲಿ ಇಳಿಯುವಾಗ ಅವರ ಚೀಲದ ಮೇಲೆ ಬರೆದಿದ್ದು ಅದೊಂದೇ ಪದವಂತೆ.

"ಇಲ್ಲಿ ನಮಗೆ ಅಂತ ಒಂದು ಅಡಿ ಜಾಗ ಇಲ್ಲ ಮಗಾ. ಎಲ್ಲಾ ಬಾಡಿಗೆ. ಗಾಳೀನೂ ಬಾಡಿಗೆ. ಇದೊಂದು ಊರು ನಮ್ದು ಅಂತ ಇದೆ. ಅದನ್ನ ಬಾಗಿಲಿಗೆ ಹಿಡಿಸ್ಲಿಲ್ಲ ಅಂತ ಬಿಡೋಕಾಗುತ್ತಾ?"

ಭಾವ ಕೂಡ ಸಾರು ಸುರಿಯೋ ಸದ್ದು ಕಮ್ಮಿ ಮಾಡಿದ್ರು.

ಅಮ್ಮ ಮಾತು ಬದಲಾಯಿಸೋಕೆ, ನಾಳೆ ಬಸ್ಸಾರಿಗೆ ಹುರುಳಿಕಾಳು ನೆನೆಹಾಕ್ಬೇಕು, ಡಬ್ಬಿ ತಗೊಂಡು ಬಾ ಅಂತ ಇಂಪನಳನ್ನ ಒಳಗೆ ಕಳಿಸಿದ್ರು. ಅಕ್ಕ ಹೊರಗಿದ್ದಿದ್ರಿಂದ ಬಾಗಿಲು ತಕರಾರಿಲ್ಲದೆ ಬಿಡ್ತು. ಅಡುಗೆಮನೆ ಗೋಡೇಲಿ ಡಬ್ಬಿ ಇಡೋಕೆ ಅಂತ ಕೊರೆದ ಗೂಡುಗಳಿದ್ವು, ಎಲ್ಲಾ ಒಂದೇ ಅಳತೆ. ಹುರುಳಿ ಡಬ್ಬಿ ತೆಗೆದ್ರೆ ಹಗುರ. ಮುಚ್ಚಳ ಬಿಚ್ಚಿದ್ಲು. ಒಂದು ಹಿಡಿ ಕಾಳು, ಅದರ ಮೇಲೆ ಮಡಿಚಿದ ಚೀಟಿ, ಚೀಟಿ ಮೇಲೆ ಅಮ್ಮನ ಗುಂಡು ಅಕ್ಷರ: ಮಿಕ್ಕಿದ್ದು ಮಂಚದ ಕೆಳಗೆ, ನೀಲಿ ಚೀಲ.

ಇಂಪನ ಆ ಚೀಟಿ ಹಿಡ್ಕೊಂಡು ಗೂಡಿನ ಮುಂದೆ ಹಾಗೇ ನಿಂತುಬಿಟ್ಲು. ಹೊರಗಿಂದ ಅಮ್ಮ ಎರಡು ಸಲ ಕೂಗಿದ್ರು. ಆಮೇಲೆ ಒಳಗೇ ಬಂದು, ಅದ್ಯಾಕೆ ದೆವ್ವ ನೋಡಿದೋರ ಥರ ನಿಂತಿದ್ದೀಯ ಅಂತ ಕೇಳಿದ್ರು.

"ಅಮ್ಮ, ಕಾಳು ಜಾಸ್ತಿ ಆದ್ರೆ ದೊಡ್ಡ ಡಬ್ಬಿ ಯಾಕೆ ತಗೊಳಲ್ಲ ನೀನು?"

"ದೊಡ್ಡ ಡಬ್ಬಿ ಗೂಡಲ್ಲಿ ಕೂರುತ್ತಾ? ಗೂಡು ದೊಡ್ಡದು ಮಾಡ್ಬೇಕಂದ್ರೆ ಗೋಡೆ ಒಡೀಬೇಕು. ಚೀಟಿ ಹಾಕಿಟ್ರೆ ಆಯ್ತಪ್ಪ. ಓದೋಕೆ ಬಂದೋರು ಮಂಚದ ಕೆಳಗೆ ನೋಡ್ತಾರೆ, ಬರದೇ ಇರೋರಿಗೆ ಒಂದು ಹಿಡಿ ಸಾಕು."

ಇಂಪನ ಅಮ್ಮನ ಕೆನ್ನೆಗೆ ಮುತ್ತು ಕೊಟ್ಟು, ಊಟ ಅರ್ಧಕ್ಕೆ ಬಿಟ್ಟು, ಚೀಟೀನೂ ಜೊತೆಗೇ ಎತ್ಕೊಂಡು ಓಡಿದ್ಲು. ಚಂದ್ರನ ಮೇಲೆ ಓಡೋದಂದ್ರೆ ಗೊತ್ತಲ್ಲ, ಒಂದೊಂದು ಹೆಜ್ಜೆಗೂ ತಲೆ ಹೋಗಿ ಓಣಿ ದೀಪಕ್ಕೆ ತಾಗುತ್ತೆ.

ಸಲ್ಡಾನಾ ಸರ್ ಚೀಟೀನ ಎರಡು ಸಲ ಓದಿದ್ರು. ಮಂಚ ಯಾವುದು, ಚೀಲ ಯಾವುದು ಅಂತ ಅವರಿಗೆ ಹೇಳಿಕೊಡೋ ಅಗತ್ಯ ಬೀಳ್ಲಿಲ್ಲ. ಒಣಮೀನು ಮುಖದಲ್ಲಿ ನಿಧಾನಕ್ಕೆ ನೀರು ಹತ್ತಿದ ಹಾಗಾಯ್ತು. ಬಾಗಿಲು ನೋಡೋ ಪಟ್ಟೀಲಿ ಇಪ್ಪತ್ನಾಲ್ಕು ಮನೆ ಹಾಗೇ ಇರಲಿ. ಅದರಲ್ಲಿ ಚಿಕ್ಕ ಹೆಸರು, ಒಂದು ಗುರುತು, ಒಂದು ನಂಬರು ಅಷ್ಟೇ ಇಡೋಣ. ಪೂರ್ತಿ ಹೆಸರನ್ನ ಕಂಟ್ರೋಲ್ ರೂಮಲ್ಲಿ ಬೇರೆ ಪುಸ್ತಕದಲ್ಲಿ, ಆ ನಂಬರಿನ ಮುಂದೆ ಬರೆಯೋಣ. ಹಳೇ ಬಾಗಿಲಿಗೆ ಗುರುತಿನ ಅರ್ಥ ಗೊತ್ತಿಲ್ಲ, ಗೊತ್ತಾಗಬೇಕಾಗೂ ಇಲ್ಲ, ಅದು ಇಪ್ಪತ್ನಾಲ್ಕು ಎಣಿಸಿ ಮುಂದೆ ಹೋಗುತ್ತೆ. ದಾಖಲೆ ಆಫೀಸಿನ ಹೊಸ ಯಂತ್ರಕ್ಕೆ ಮಾತ್ರ, ಈ ಗುರುತು ಕಂಡ್ರೆ ಪುಸ್ತಕ ನೋಡು ಅಂತ ಹೇಳಿಕೊಟ್ರೆ ಸಾಕು.

"ಮೂವತ್ತು ವರ್ಷದಲ್ಲಿ ನನಗಿದು ಹೊಳೀಲಿಲ್ಲ ನೋಡು," ಅಂದ್ರು ಸರ್. "ನಮ್ಮ ಮನೆಯಲ್ಲಿ ಹುರುಳಿ ತರುದಿಲ್ಲ, ಅದಕ್ಕೇ ಇರ್ಬೇಕು."

ಗುರುತಿಗೆ ಒಂದು ನಕ್ಷತ್ರ ಚಿಹ್ನೆ ಇಡೋಣ, ಯಾರ ಹೆಸರಲ್ಲೂ ಇರಲ್ಲ ಅಂದ್ಲು ಇಂಪನ. ಸರ್ ಅನುಭವಸ್ಥರು, ಯಾವುದಕ್ಕೂ ಹುಡುಕಿ ನೋಡು ಅಂದ್ರು. ಎರಡೂವರೆ ಸಾವಿರ ಜನದಲ್ಲಿ ಒಬ್ಬರು ಸಿಕ್ಕಿದ್ರು, ಕ್ಯಾಂಟೀನ್ ಅಡುಗೆಯ ಪುಟ್ಟಣ್ಣ. ಫೋನ್ ಮಾಡಿ ಕೇಳಿದ್ರೆ, ಅರ್ಜಿ ಫಾರಂನಲ್ಲಿ ಹೆಸರು ಅನ್ನೋ ಕಡೆ ನಕ್ಷತ್ರ ಹಾಕಿ ಕಡ್ಡಾಯ ಅಂತ ಬರೆದಿತ್ತು, ಕಡ್ಡಾಯ ಅಂದ ಮೇಲೆ ಹಾಕ್ಲೇಬೇಕಲ್ಲ ಅಂತ ನಾನೂ ಹಾಕಿದೆ ಅಂದ. ಪುಟ್ಟಣ್ಣನ ಮರ್ಯಾದೆ ಉಳಿಸೋಕೆ ಗುರುತಿಗೆ ಎರಡು ನಕ್ಷತ್ರ ಅಂತ ತೀರ್ಮಾನ ಆಯ್ತು.

ಮೂರು ಗಂಟೆಗೆ ಮೊದಲ ಸಲ ಓಡಿಸಿ ನೋಡಿದ್ರು. ಮಂದಾರ ಒಂದನೇ ನಂಬರು, ಇಂಪನ ಎರಡು. ಪಟ್ಟಿ ಎರಡಾಗಿ ಬೇರೆ ಆಯ್ತು, ಒಂದಾಗಿದ್ದ ಹಳೇ ದಾಖಲೆ ಪೂರ್ತಿ ಒಂದನೇ ನಂಬರಿಗೆ ಸೇರಿ ಅಕ್ಕನ ಗಂಡ ಅಕ್ಕನ ಹತ್ರ ಹೋದ್ರು. ಇಂಪನ ಕುರ್ಚಿ ಮೇಲಿಂದ ನೆಗೆದು ನೆಲಕ್ಕೆ ಇಳಿಯೋದ್ರೊಳಗೆ ಫೋನಿಗೆ ಮೂರು ಮೆಸೇಜು. ಒಂದು ಆಸ್ಪತ್ರೆಯಿಂದ, ತಿಂಗಳೂರಿಗೆ ಹೊಸ ಕಂದನಿಗೆ ಸ್ವಾಗತ, ಮೊದಲ ಲಸಿಕೆ ಸೋಮವಾರ. ಇನ್ನೊಂದು ಕ್ಯಾಂಟೀನಿಂದ, ಹಾಲು ಬಿಟ್ಟು ಬೇರೇನೂ ಕೊಡಲಾಗುವುದಿಲ್ಲ. ಮೂರನೇದು ದಾಖಲೆ ಆಫೀಸಿಂದ, ಅರ್ಜಿದಾರರ ವಯಸ್ಸು ಸೊನ್ನೆ ದಿನ, ಆದ್ದರಿಂದ ಮದುವೆ ಮಾಡಲಾಗದು.

ಎರಡು ನಕ್ಷತ್ರದ ಎರಡನೇ ನಂಬರಿನವಳನ್ನ ಯಂತ್ರ ಮುಂಚೆ ಯಾವತ್ತೂ ನೋಡಿರ್ಲಿಲ್ಲ. ನೋಡದೇ ಇರೋರು ಈಗ ತಾನೇ ಹುಟ್ಟಿರ್ಬೇಕು, ಇನ್ನೇನು ಅಂತ ಅದರ ಲೆಕ್ಕ.

ಸಲ್ಡಾನಾ ಸರ್ ನಕ್ಕು ನಕ್ಕು ಕಣ್ಣೊರೆಸ್ಕೊಂಡ್ರು. ಇಂಪನಳಿಗೆ ಮಾತ್ರ ನಗು ಬರ್ಲಿಲ್ಲ. ಗಡಿಯಾರ ನೋಡಿದ್ಲು, ದಾಖಲೆ ಆಫೀಸು ಐದಕ್ಕೆ ಮುಚ್ಚುತ್ತೆ. ಅಷ್ಟರೊಳಗೆ ನಾಳೆ ದಾಖಲೆ ಮಾಡಿಸೋಕೆ ಹೊತ್ತು ಗೊತ್ತು ಮಾಡದಿದ್ರೆ ಗಾಡಿ ಹೋದ ಹಾಗೇ.

ಸರ್ ನಗು ನಿಲ್ಲಿಸಿ ಕುರ್ಚಿ ಹತ್ರ ಎಳ್ಕೊಂಡ್ರು. "ಚೀಟಿಯಲ್ಲಿ ಕಾಳು ಎಲ್ಲಿ ಉಂಟು ಅಂತ ಮಾತ್ರ ಬರೆದ್ದು ನೀನು. ಮೊದ್ಲು ಎಲ್ಲಿತ್ತು ಅಂತ ಬರೀಲಿಲ್ಲ."

ಅಷ್ಟೇ ಸಾಕಾಯ್ತು. ಪುಸ್ತಕದಲ್ಲಿ ಪ್ರತಿಯೊಬ್ಬರ ಮುಂದೆ ಇನ್ನೊಂದು ಸಾಲು ಸೇರಿಸಿದ್ಲು, ಹಿಂದಿನ ಹೆಸರು ಅಂತ. ಎರಡನೇ ನಂಬರಿನ ಮುಂದೆ ಚಿ.ಪು.ಲ. ಇಂಪನ ಅಂತ ಬರೆದ್ಲು. ಯಂತ್ರ ಹೋದ ವಾರದ ಪಟ್ಟಿಗೆ ಹೋಗಿ ಆ ಹೆಸರು ಹುಡುಕಿ ಹುಟ್ಟಿದ ದಿನ, ಶಾಲೆ, ರಕ್ತದ ಗುಂಪು, ಎರಡು ಸಲ ಗ್ರಂಥಾಲಯದ ದಂಡ ಎಲ್ಲಾ ಹೊತ್ಕೊಂಡು ಬಂತು. ವಯಸ್ಸು ಇಪ್ಪತ್ತಾರು, ಅವಿವಾಹಿತೆ, ಕಾಫಿ ಕುಡಿಯಬಹುದು.

ನಾಲ್ಕೂ ಐವತ್ತಕ್ಕೆ ಕಮರುನ್ನೀಸಾ ಮೇಡಂಗೆ ಫೋನ್. ಮೇಡಂ ಅವರ ಯಂತ್ರ ಎರಡು ನಕ್ಷತ್ರ ನೋಡಿ ಪುಸ್ತಕಕ್ಕೆ ಹೋಗಿ ಪೂರ್ತಿ ಹೆಸರು ತಂದು ತೋರಿಸ್ತು. ಊರು, ತಾತ, ಅಪ್ಪ, ಕೊನೇಲಿ ಇಂಪನ. ಒಂದಕ್ಷರ ಕಮ್ಮಿ ಇಲ್ಲ. ಮೇಡಂ ಆ ಹೆಸರನ್ನ ಗಟ್ಟಿಯಾಗಿ ಓದಿ ಮುಗಿಸೋಕೆ ಒಂದು ಸಲ ಉಸಿರು ತಗೊಂಡ್ರು. ಆಮೇಲೆ ನಾಳೆ ಬೆಳಿಗ್ಗೆ ಹತ್ತೂಕಾಲು, ಇಬ್ಬರೂ ಬರ್ಬೇಕು, ಇಬ್ಬರು ಸಾಕ್ಷಿ ಕರ್ಕೊಂಡು ಬರ್ಬೇಕು ಅಂತ ಬರ್ಕೊಂಡ್ರು. ಅಕ್ಕನಿಗೆ ಆರೋಗ್ಯ ನೋಡ್ಕೋಬೇಕು ಅಂತ ಹೇಳು ಅಂದ್ರು.

ಇಂಪನ ಮನೆಗೆ ಬರುವಾಗ ಅಪ್ಪ ಓಣೀಲಿ ಕಾಯ್ತಿದ್ರು. ಅವಳು ಪುಸ್ತಕದ ವಿಷಯ ಹೇಳಿದ್ಲು. ಬಾಗಿಲಿಗೆ ಚಿಕ್ಕ ಹೆಸರು ಸಾಕು, ಆದರೆ ಪುಸ್ತಕದಲ್ಲಿ ಊರು ಮೊದಲೇ ಇದೆ, ಯಾರೂ ಅದನ್ನ ಕತ್ತರಿಸೋಕಾಗಲ್ಲ. ಅಪ್ಪ ಬೆರಳು ಮಡಿಚಿ ಏನೋ ಎಣಿಸಿದ್ರು.

"ಅಲ್ಲಿ ಎಷ್ಟುದ್ದ ಬೇಕಾದ್ರೂ ಬರೀಬಹುದಾ?"

"ಬರೀಬಹುದು ಅಪ್ಪ."

"ಹಾಗಾದ್ರೆ ನಮ್ಮ ಮುತ್ತಾತಂದೂ ಸೇರಿಸ್ಬಿಡು. ಆಮೇಲೆ ನಮ್ಮ ಮನೇನ ಊರಲ್ಲಿ ದೊಡ್ಡಬಾವಿಯೋರು ಅಂತ ಕರೀತಿದ್ರಂತೆ, ಅದೂನೂ. ನಾಳೆ ನಾನೂ ಬರ್ತೀನಿ, ಸಾಕ್ಷಿಗೆ. ಪಟ್ಟಿ ಮಾಡ್ಕೊಂಡು ಬರ್ತೀನಿ."

ಅವಳು ಬಾಗಿಲ ಮುಂದೆ ನಿಂತ್ಲು. ಒಳಗೆ ಅಕ್ಕ ಇದ್ಲು, ಭಾವನ ಜೊತೆ ಜಗಳ ಆಡೋ ದನಿ ಸ್ಪೀಕರ್‌ನಿಂದ ಕೇಳ್ತಿತ್ತು. ಬಾಗಿಲು ಮುಖ ನೋಡ್ತು. ಇಪ್ಪತ್ನಾಲ್ಕು ಮನೆ ಎಣಿಸ್ತು. ಅದಕ್ಕೆ ಗುರುತೂ ಅಕ್ಷರಾನೂ ಎಲ್ಲಾ ಒಂದೇ, ಕಂಡಿದ್ದೆಲ್ಲ ಓದ್ತು.

"ಸ್ವಾಗತ, ಇಂಪನ ನಕ್ಷತ್ರ ನಕ್ಷತ್ರ ಎರಡು."

ಬಾಗಿಲು ತೆರೀತು. ನಾಲ್ಕು ದಿನದ ಮೇಲೆ ಅಕ್ಕ ತಂಗಿ ಒಂದೇ ಹೊಸಿಲ ಒಳಗೆ ನಿಂತ್ರು. ಎರಡನೇ ನಕ್ಷತ್ರದವರು ಬಂದ್ರು, ಕಾಫಿ ಇಡಿ, ಅಂತ ಭಾವ ಒಳಗಿಂದ ಕೂಗಿದ್ರು. ಅಕ್ಕ ನಿಜವಾಗ್ಲೂ ಕಾಫಿ ಇಟ್ಲು. ಇಂಪನ ಲೋಟ ಎರಡೂ ಕೈಲಿ ಹಿಡ್ಕೊಂಡು ಮೂಲೆ ಸೇರಿದಾಗ ಫೋನಿಗೆ ಬಸವಪ್ರಭುವಿನ ಮೆಸೇಜು ಬಂತು.

"ನಾಳೆ ಹತ್ತೂಕಾಲಕ್ಕ ಆಫೀಸ್ ಬಾಗಿಲ ಮುಂದ ನಿಂತಿರ್ತೀನಿ. ಚೀಲ ಕಟ್ಟೀನಿ. ಲಗೂ ಬಾ."

ಇಂಪನ ಒಂದು ಗುಟುಕು ಕಾಫಿ ಕುಡಿದು, ಹೆಬ್ಬೆರಳಲ್ಲಿ ಟೈಪ್ ಮಾಡಿದ್ಲು.

"ಹತ್ತಕ್ಕೇ ಬರ್ತೀನಿ. ಈ ಸಲ ನಾನೇ ಬರ್ತೀನಿ."